ಹಳೇ ಡಾಸ್, ವಿಂಡೋಸ್ ಆಟ ಲಿನಕ್ಸ್‌ನಲ್ಲಿ ಓಡದಿದ್ದರೆ ದೋಷ ಹುಡುಕುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಮೇಲೆ ಕಾರವಾರದಲ್ಲಿ ನನಗೆ ಗೊತ್ತಿರುವ ಸುಮಾರು ಮನೆಗಳಲ್ಲಿ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಜಾಸ್ತಿ ಜನ ಹಾಕಿಸಿದ್ದು ಮಿಂಟ್ ಎಂಬ ಬಗೆಯ ಲಿನಕ್ಸ್. ಬ್ಯಾಂಕಿನ ಕೆಲಸ, ಟೈಪಿಂಗ್, ವಿಡಿಯೋ ನೋಡುವುದು ಎಲ್ಲ ಸರಿಯಾಗಿ ನಡೆಯುತ್ತದೆ. ಅದಾದ ಮೇಲೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅಣ್ಣಾ, ಆಗ ಕೆಫೆಯಲ್ಲಿ ಆಡ್ತಿದ್ದ ಗೇಮ್ ಇದ್ರಲ್ಲಿ ಓಡ್ತದಾ?”

ಬಹುತೇಕ ಆಟಗಳು ಓಡುತ್ತವೆ. 64 ಬಿಟ್ ವಿಂಡೋಸ್, ಡಾಸ್ (ವಿಂಡೋಸ್‌ಗೂ ಹಿಂದಿನ ಕಾಲದ ವ್ಯವಸ್ಥೆ) ಆಟಗಳನ್ನೂ 16 ಬಿಟ್ ಪ್ರೋಗ್ರಾಮುಗಳನ್ನೂ ತಾನಾಗಿ ಓಡಿಸುವುದೇ ಇಲ್ಲ. ಆ ಲೆಕ್ಕದಲ್ಲಿ ಲಿನಕ್ಸ್ ಹಳೇ ಆಟಕ್ಕೆ ಒಳ್ಳೆಯ ಮನೆ. ಆದರೆ ಹಾಕಿದ ಕೂಡಲೇ ಓಡುತ್ತದೆ ಅಂತ ಹೇಳಲು ಬರುವುದಿಲ್ಲ. ಸದ್ದು ಬರುವುದಿಲ್ಲ, ಬಣ್ಣ ಕೆಡುತ್ತದೆ, ಕಾರು ರಾಕೆಟ್‌ ವೇಗದಲ್ಲಿ ಓಡುತ್ತದೆ, ಇಲ್ಲವೇ ಕಪ್ಪು ಪರದೆ ಬಂದು ನಿಲ್ಲುತ್ತದೆ. ಆಗ ಜನ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸುತ್ತಾರೆ. ಕೊನೆಗೆ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ.

ನನ್ನ ದಾರಿ ಬೇರೆ. ಹಳೇ ಆಟ ತಾನು ಎಂಥ ಯಂತ್ರದ ಮೇಲೆ ಓಡುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತದೆ. ಪ್ರೊಸೆಸರ್ ಇಷ್ಟೇ ವೇಗ. ಸೌಂಡ್ ಕಾರ್ಡ್ ಇಂಥ ನಂಬರಿನಲ್ಲಿದೆ. ಡ್ರೈವ್‌ನಲ್ಲಿ ನನ್ನ ಸಿಡಿ ಇದೆ. ಪರದೆಯಲ್ಲಿ 256 ಬಣ್ಣ. ಕೋರ್ ಒಂದೇ. ಈ ತೀರ್ಮಾನಗಳಲ್ಲಿ ಈಗ ಯಾವುದು ಸುಳ್ಳಾಗಿದೆ ಅಂತ ಹುಡುಕಿದರೆ ದೋಷ ಸಿಗುತ್ತದೆ. ಆ ಒಂದನ್ನೇ ಸರಿಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದು.

ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಇದು ಯಾವ ಕಾಲದ ಫೈಲ್ ಅಂತ ಕೇಳಿ

ಲಿನಕ್ಸ್‌ನಲ್ಲಿ ಡಾಸ್ ಆಟ ಓಡಿಸುವ ಪ್ರೋಗ್ರಾಮ್ ಡಾಸ್‌ಬಾಕ್ಸ್, ವಿಂಡೋಸ್ ಆಟ ಓಡಿಸುವುದು ವೈನ್. ಡಾಸ್ ಆಟವನ್ನು ವೈನ್‌ನಲ್ಲಿ ಓಡಿಸಲು, ವಿಂಡೋಸ್ ಆಟವನ್ನು ಡಾಸ್‌ಬಾಕ್ಸ್‌ನಲ್ಲಿ ಓಡಿಸಲು ಹೋಗಿ ಸಂಜೆಯಿಡೀ ಕಳೆದವರನ್ನು ಕಂಡಿದ್ದೇನೆ. ಫೈಲಿನ ಹೆಸರು ನೋಡಿದರೆ ಗೊತ್ತಾಗುವುದಿಲ್ಲ, ಎರಡಕ್ಕೂ ಕೊನೆಗೆ ‘ಇಎಕ್ಸ್‌ಇ’ ಅಂತಲೇ ಇರುತ್ತದೆ. ಆಟದ ಫೋಲ್ಡರಿನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘ಫೈಲ್’ ಎಂಬ ಕಮಾಂಡ್ ಹೊಡೆದು, ಮುಂದೆ ಆಟದ ಫೈಲಿನ ಹೆಸರು ಕೊಡಿ. ಒಂದೇ ಸಾಲಿನ ಉತ್ತರ ಬರುತ್ತದೆ.

‘ಎಂಎಸ್-ಡಾಸ್ ಎಕ್ಸಿಕ್ಯೂಟಬಲ್’ ಅಂತಷ್ಟೇ ಬಂದರೆ ಡಾಸ್ ಆಟ. ಅದರ ಜೊತೆ ‘ಎಲ್‌ಇ’ ಅಥವಾ ‘ಡಾಸ್4ಜಿಡಬ್ಲ್ಯೂ’ ಅಂತ ಇದ್ದರೆ ಅದೂ ಡಾಸೇ, ಆದರೆ 32 ಬಿಟ್ ಪ್ರೊಸೆಸರ್ ಬಯಸುವ ನಂತರದ ಕಾಲದ್ದು. 1993ರ ಡೂಮ್ ಈ ಗುಂಪಿನದು. ‘ಎನ್‌ಇ’ ಮತ್ತು ‘ವಿಂಡೋಸ್ 3.ಎಕ್ಸ್’ ಅಂತ ಬಂದರೆ 16 ಬಿಟ್ ವಿಂಡೋಸ್. ‘ಪಿಇ32’ ಅಂದರೆ ವಿಂಡೋಸ್ 95ರಿಂದ ಈಚೆಗಿನ 32 ಬಿಟ್ ಆಟ.

ಡಾಸ್ ಆಟಕ್ಕೆ ಡಾಸ್‌ಬಾಕ್ಸ್, ಪಿಇ32 ಆಟಕ್ಕೆ ವೈನ್. ನಡುವಿನ ಎನ್‌ಇ ಗುಂಪು ಕಿರಿಕಿರಿಯದು. ವೈನನ್ನು ನಿಮ್ಮ ಲಿನಕ್ಸ್‌ನವರು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ಅದು ಓಡಬಹುದು, ಓಡದಿರಬಹುದು. ನನ್ನ ಅನುಭವದಲ್ಲಿ ಡಾಸ್‌ಬಾಕ್ಸ್ ಒಳಗೆ ವಿಂಡೋಸ್ 3.1 ಹಾಕಿ ಅದರಲ್ಲಿ ಓಡಿಸುವುದೇ ನೆಮ್ಮದಿ. ಇನ್ನೊಂದು ವಿಷಯ: ಆಟ ಪಿಇ32 ಆಗಿದ್ದರೂ ಅದರ ಸೆಟಪ್ ಫೈಲ್ ಎನ್‌ಇ ಆಗಿರಬಹುದು. 90ರ ದಶಕದ ಎಷ್ಟೋ ಆಟಗಳು ಹೀಗೇ ಇವೆ. ಸೆಟಪ್ ಓಡಲಿಲ್ಲ ಅಂದ ಮಾತ್ರಕ್ಕೆ ಆಟವೂ ಓಡುವುದಿಲ್ಲ ಅಂತ ಕೈಬಿಡಬೇಡಿ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಡಾಸ್ ಆಟ: ವೇಗ ತಪ್ಪಿದಾಗ

ಡಾಸ್‌ಬಾಕ್ಸ್‌ನಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೂಲ ಡಾಸ್‌ಬಾಕ್ಸ್‌ನ 0.74-3 ಆವೃತ್ತಿ 2019ರದು. ಅದರಿಂದ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಮತ್ತು ಡಾಸ್‌ಬಾಕ್ಸ್-ಎಕ್ಸ್ ಈಗಲೂ ಬೆಳೆಯುತ್ತಿವೆ. ಹೊಸದಾಗಿ ಹಾಕುವವರಿಗೆ ನಾನು ಸ್ಟೇಜಿಂಗ್ ಅನ್ನೇ ಹೇಳುತ್ತೇನೆ. ಒಳಗೆ ವಿಂಡೋಸ್ 95 ಅಥವಾ 98 ಹಾಕಬೇಕು ಅನ್ನುವವರಿಗೆ ಎಕ್ಸ್.

ಡಾಸ್ ಕಾಲದ ಆಟಗಳಲ್ಲಿ ಕೆಲವು ಗಡಿಯಾರ ನೋಡಿ ಓಡುತ್ತವೆ. ಕೆಲವು ನೋಡುವುದಿಲ್ಲ, ಪ್ರೊಸೆಸರ್ ಎಷ್ಟು ವೇಗವೋ ಅಷ್ಟು ವೇಗ. ಅದಕ್ಕೇ ಡಾಸ್‌ಬಾಕ್ಸ್‌ನಲ್ಲಿ ‘ಸೈಕಲ್ಸ್’ ಎಂಬ ಅಳತೆ ಇದೆ. ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಸೂಚನೆಗಳನ್ನು ನಡೆಸಬೇಕು ಎಂಬ ಲೆಕ್ಕ ಅದು. ಸುಮಾರು 300 ಇಟ್ಟರೆ ಮೊದಲ ಐಬಿಎಂ ಪಿಸಿ ಕಾಲದ ವೇಗ. 6000ದ ಹತ್ತಿರ ಒಂದು 386. 25000ದ ಹತ್ತಿರ ಒಂದು 486. ಪೆಂಟಿಯಂ ಬೇಕಾದರೆ 60000 ದಾಟಬೇಕು. ಇವು ಅಂದಾಜು ಅಷ್ಟೇ, ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಲು ಸಾಕು. ಆಟ ಯಾವ ವರ್ಷದ್ದು ಅಂತ ನೋಡಿ, ಆ ವರ್ಷದ ಸಾಧಾರಣ ಯಂತ್ರದ ಅಂಕಿ ಇಡಿ. ಓಡುತ್ತಿರುವಾಗಲೇ ಕಂಟ್ರೋಲ್ ಒತ್ತಿ ಎಫ್12 ಹೊಡೆದರೆ ವೇಗ ಏರುತ್ತದೆ, ಎಫ್11 ಹೊಡೆದರೆ ಇಳಿಯುತ್ತದೆ. ಸರಿಯಾದ ಅಂಕಿ ಸಿಕ್ಕಿದ ಮೇಲೆ ಆ ಆಟದ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಬರೆದಿಡಿ. ಸ್ಟೇಜಿಂಗ್‌ನ ಹೊಸ ಆವೃತ್ತಿಗಳಲ್ಲಿ ಸಾಲಿನ ಹೆಸರು ‘ಸಿಪಿಯು ಸೈಕಲ್ಸ್’ ಅಂತ ಬದಲಾಗಿದೆ. ಡೂಮ್ ಗುಂಪಿನ ಆಟಗಳಿಗೆ ಬೇರೆಯೇ ಸಾಲು ಕೊಟ್ಟಿದ್ದಾರೆ.

ಅಂಕಿ ಏರಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ನಿಮ್ಮ ಲ್ಯಾಪ್‌ಟಾಪ್ ತಾಳುವುದಕ್ಕಿಂತ ಜಾಸ್ತಿ ಕೇಳಿದರೆ ಮೊದಲು ಸದ್ದು ತುಂಡು ತುಂಡಾಗುತ್ತದೆ, ಆಮೇಲೆ ಆಟವೇ ತೆವಳುತ್ತದೆ. ನಿನ್ನೆ ಚೆನ್ನಾಗಿದ್ದದ್ದು ಇವತ್ತು ತೆವಳುತ್ತಿದೆ ಅಂದರೆ ಚಾರ್ಜರ್ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ಪವರ್ ಸೇವರ್‌ಗೆ ಇಳಿದಿರುತ್ತದೆ. ಆಟದಲ್ಲಿ ಏನೂ ಕೆಟ್ಟಿರುವುದಿಲ್ಲ.

ಇಲ್ಲಿ ಎರಡು ದೋಷಸಂದೇಶಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಎರಡೂ ಹೇಳುವುದು ಒಂದು, ನಡೆದಿರುವುದು ಇನ್ನೊಂದು.

ಮೊದಲನೆಯದು ‘ರನ್‌ಟೈಮ್ ಎರರ್ 200’. ಜೊತೆಗೆ ಸೊನ್ನೆಯಿಂದ ಭಾಗಿಸಲಾಗಿದೆ ಅಂತ ಬರುತ್ತದೆ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಆಟಗಳಲ್ಲಿ ಮಾತ್ರ ಇದು. ಆ ಪ್ರೋಗ್ರಾಮುಗಳು ಶುರುವಾಗುವಾಗ ಯಂತ್ರದ ವೇಗ ಅಳೆಯುತ್ತವೆ. ಗಡಿಯಾರದ ಒಂದು ಟಿಕ್, ಅಂದರೆ 55 ಮಿಲಿಸೆಕೆಂಡ್ ಮುಗಿಯುವಷ್ಟರಲ್ಲಿ ಒಂದು ಲೂಪ್ ಎಷ್ಟು ಸಲ ಸುತ್ತಿತು ಅಂತ ಎಣಿಸಿ, ಅದನ್ನು 55ರಿಂದ ಭಾಗಿಸುತ್ತವೆ. ಯಂತ್ರ ವೇಗವಾಗಿದ್ದರೆ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಪ್ರೊಸೆಸರ್ ಅದನ್ನು ಭಾಗಾಕಾರದ ದೋಷ ಅಂತ ತಿಳಿಸುತ್ತದೆ, ಪ್ಯಾಸ್ಕಲ್ ಅದನ್ನು ಸೊನ್ನೆಯ ಲೆಕ್ಕ ಅಂದುಕೊಳ್ಳುತ್ತದೆ. ಫೈಲ್ ಕೆಟ್ಟಿಲ್ಲ, ಸಿಡಿ ಕೆಟ್ಟಿಲ್ಲ. ಸೈಕಲ್ಸ್ ಇಳಿಸಿ ಶುರು ಮಾಡಿ, ಆಟ ತೆರೆದುಕೊಂಡ ಮೇಲೆ ಏರಿಸಿ. ಇಷ್ಟೇ.

ಎರಡನೆಯದು ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’. ಇದನ್ನು ಓದಿದವರೆಲ್ಲ ಮತ್ತೆ ಡೌನ್‌ಲೋಡ್ ಮಾಡಲು ಹೊರಡುತ್ತಾರೆ. ಫೈಲ್ ನೆಟ್ಟಗೇ ಇರುತ್ತದೆ. ಮೆಮೊರಿಯ ಮೊದಲ 64 ಕೆಬಿ ಒಳಗೆ ಪ್ರೋಗ್ರಾಮ್ ಕೂತಾಗ ಅದನ್ನು ಬಿಚ್ಚುವ ಹಳೇ ಕೋಡ್ ಎಡವುತ್ತದೆ. ಆಗಿನ ಯಂತ್ರಗಳಲ್ಲಿ ಆ ಜಾಗ ಬೇರೆ ಡ್ರೈವರ್‌ಗಳಿಂದ ತುಂಬಿರುತ್ತಿತ್ತು, ಹಾಗಾಗಿ ಸಮಸ್ಯೆ ಕಾಣುತ್ತಿರಲಿಲ್ಲ. ಆಟದ ಹೆಸರಿನ ಮುಂದೆ ‘ಲೋಡ್‌ಫಿಕ್ಸ್’ ಅಂತ ಸೇರಿಸಿ ಓಡಿಸಿ. ಡಾಸ್‌ಬಾಕ್ಸ್ ಆ ಜಾಗವನ್ನು ತುಂಬಿಸಿ, ಆಟವನ್ನು ಮೇಲೆ ಕೂರಿಸುತ್ತದೆ.

ಡಾಸ್ ಆಟ: ಸದ್ದು

ಡಾಸ್‌ನಲ್ಲಿ ಸೌಂಡ್ ಕಾರ್ಡ್ ಎಲ್ಲಿದೆ ಅಂತ ಆಟವೇ ಹುಡುಕಬೇಕು, ಅಥವಾ ನಾವು ಹೇಳಬೇಕು. ಡಾಸ್‌ಬಾಕ್ಸ್ ಕೊಡುವ ಸೌಂಡ್ ಬ್ಲಾಸ್ಟರ್ 16 ಎಂಬ ಸೌಂಡ್ ಕಾರ್ಡ್ ಇರುವುದು ಈ ನಂಬರುಗಳಲ್ಲಿ: ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1, ಹೈ ಡಿಎಂಎ 5. ಆಟದ ಜೊತೆಗಿರುವ ಸೆಟಪ್ ಅಥವಾ ಸೆಟ್‌ಸೌಂಡ್ ಪ್ರೋಗ್ರಾಮಿನಲ್ಲಿ ಇದೇ ಅಂಕಿಗಳನ್ನು ಕೊಡಿ. ಎಷ್ಟೋ ಆಟಗಳು ಐಆರ್‌ಕ್ಯೂ 5 ಅಂತ ಮೊದಲೇ ತುಂಬಿಕೊಂಡಿರುತ್ತವೆ. ಲಕ್ಷಣ ಸುಲಭ: ಸದ್ದಿನ ಒಂದು ಚೂರು ಮಾತ್ರ ಮತ್ತೆ ಮತ್ತೆ ಬರುತ್ತದೆ, ಅಥವಾ ಸೌಂಡ್ ಟೆಸ್ಟ್ ಮಾಡಿದಾಗ ಆಟ ಹೆಪ್ಪುಗಟ್ಟುತ್ತದೆ. ಅದು ಕಂಡರೆ ಬೇರೇನೂ ಮುಟ್ಟಬೇಡಿ, ಐಆರ್‌ಕ್ಯೂ ಬದಲಿಸಿ.

ಗುಂಡಿನ ಸದ್ದು ಇದೆ, ಸಂಗೀತ ಇಲ್ಲ ಅಂದರೆ ಕತೆ ಬೇರೆ. ಆಟದಲ್ಲಿ ಈ ಎರಡಕ್ಕೂ ಬೇರೆ ಬೇರೆ ದಾರಿ. ಸಂಗೀತಕ್ಕೆ ‘ಜನರಲ್ ಮಿಡಿ’ ಆರಿಸಿದ್ದರೆ ಆಟ ಸ್ವರದ ಸೂಚನೆಗಳನ್ನು ಮಾತ್ರ ಕಳಿಸುತ್ತದೆ. ಅದನ್ನು ನುಡಿಸಲು ಲಿನಕ್ಸ್‌ನಲ್ಲಿ ಒಂದು ಸಿಂಥ್ (ಸೂಚನೆಯನ್ನು ಸದ್ದಾಗಿಸುವ ಪ್ರೋಗ್ರಾಮ್) ಬೇಕು. ಮೂಲ ಡಾಸ್‌ಬಾಕ್ಸ್ ಆದರೆ ಫ್ಲೂಯಿಡ್‌ಸಿಂಥ್ ಅಥವಾ ಟಿಮಿಡಿಟಿ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಸ್ಟೇಜಿಂಗ್‌ನಲ್ಲಿ ಫ್ಲೂಯಿಡ್‌ಸಿಂಥ್ ಒಳಗೇ ಇದೆ, ಒಂದು ಸೌಂಡ್‌ಫಾಂಟ್ ಫೈಲ್ ಕೊಟ್ಟರೆ ಸಾಕು. ಇಷ್ಟು ತಾಪತ್ರಯ ಬೇಡ ಅಂದರೆ ಸಂಗೀತಕ್ಕೆ ‘ಆಡ್‌ಲಿಬ್’ ಅಥವಾ ‘ಸೌಂಡ್ ಬ್ಲಾಸ್ಟರ್’ ಆರಿಸಿ. ಕೆಫೆಯಲ್ಲಿ ನಾವು ಕೇಳಿದ್ದು ಹೆಚ್ಚಾಗಿ ಅದೇ ಸದ್ದು.

ಚಿತ್ರ ಚಪ್ಪಟೆಯಾಗಿ, ಚಂದ್ರ ಮೊಟ್ಟೆಯ ಹಾಗೆ ಕಂಡರೆ ಕಾನ್ಫಿಗ್ ಫೈಲಿನ ‘ಆಸ್ಪೆಕ್ಟ್’ ಸಾಲನ್ನು ಆನ್ ಮಾಡಿ. ಆಗಿನ 320×200 ಚಿತ್ರ 4:3 ಮಾನಿಟರಿನಲ್ಲಿ ಎತ್ತರಕ್ಕೆ ಹಿಗ್ಗಿ ಕಾಣುತ್ತಿತ್ತು. ಚಿತ್ರ ಬಿಡಿಸಿದವರು ಅದನ್ನು ಲೆಕ್ಕಕ್ಕೆ ಹಿಡಿದೇ ಬಿಡಿಸಿದ್ದರು.

ಸಿಡಿ

ಕರಾವಳಿಯಲ್ಲಿ ಇರುವವರು ಈ ಭಾಗವನ್ನು ನಿಧಾನವಾಗಿ ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಸಿಡಿ ಬಿಡುತ್ತದೆಯೇ? ಅಟ್ಟದ ಮೇಲಿಂದ ತೆಗೆದ ಸಿಡಿಯನ್ನು ನೇರ ಡ್ರೈವ್‌ಗೆ ಹಾಕಬೇಡಿ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಬೂಷ್ಟು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ. ಬೆಳಕಿಗೆ ಹಿಡಿದಾಗ ತೂತು ತೂತಾಗಿ ಬೆಳಕು ಕಂಡರೆ ಹೊಳೆಯುವ ಪದರವೇ ಹೋಗಿದೆ. ಆ ಜಾಗದ ಡೇಟಾ ಒರೆಸಿ ಬರುವುದಲ್ಲ.

ಇನ್‌ಸ್ಟಾಲ್ ನಡುವೆ ಒಂದೇ ಶೇಕಡಾವಾರಿನಲ್ಲಿ ನಿಲ್ಲುತ್ತಿದ್ದರೆ ದೋಷ ವೈನ್‌ನದೋ ಸಿಡಿಯದೋ ಅಂತ ಮೊದಲು ಬೇರ್ಪಡಿಸಿ. ‘ಡಿಡಿರೆಸ್ಕ್ಯೂ’ ಬಳಸಿ ಸಿಡಿಯನ್ನು ಇಮೇಜ್ ಫೈಲ್ ಮಾಡಿ. ಅದು ಓದಲು ಬಂದಷ್ಟನ್ನು ಮೊದಲು ಓದಿ, ಕಷ್ಟದ ಜಾಗಗಳಿಗೆ ಮತ್ತೆ ಬರುತ್ತದೆ, ಎಷ್ಟು ಉಳಿಯಿತು ಅಂತ ಲೆಕ್ಕ ಕೊಡುತ್ತದೆ. ಪೂರ್ತಿ ಓದಿದ್ದರೆ ಸಿಡಿಯ ಮೇಲಿನ ಅನುಮಾನ ಬಿಡಿ. ಅಲ್ಲಿಂದ ಮುಂದೆ ಇಮೇಜನ್ನೇ ಬಳಸಿ.

ಆದರೆ ಇಲ್ಲಿ ಒಂದು ಸಿಕ್ಕು ಇದೆ. ಶಿರಸಿಯ ಮಾಸ್ತರರೊಬ್ಬರು ಫೋನ್ ಮಾಡಿದ್ದರು.

“ಆಟ ಓಡ್ತದೆ ಮಾರಾಯ, ಗಾಡಿ ಸದ್ದು ಎಲ್ಲ ಬರ್ತದೆ. ಹಾಡು ಮಾತ್ರ ಇಲ್ಲ.”

“ಮಾಸ್ತರೇ, ಸಿಡಿಯನ್ನ ಐಎಸ್‌ಒ ಮಾಡಿ ಹಾಕಿದ್ದೀರಾ?”

“ಹೌದು. ಮೂಲ ಸಿಡಿ ಎತ್ತಿಟ್ಟಿದ್ದೇನೆ.”

“ಮೂಲ ಸಿಡಿಯನ್ನ ಹಾಡು ಕೇಳೋ ಸಿಡಿ ಪ್ಲೇಯರ್‌ಗೆ ಹಾಕಿ ನೋಡಿ. ಎರಡನೇ ಟ್ರ್ಯಾಕ್‌ನಿಂದ ಹಾಡು ಬರ್ತದಾ ಹೇಳಿ.”

ಬಂತು. 90ರ ದಶಕದ ಎಷ್ಟೋ ಆಟದ ಸಿಡಿಗಳಲ್ಲಿ ಮೊದಲ ಟ್ರ್ಯಾಕ್ ಡೇಟಾ, ಉಳಿದವು ಸಾದಾ ಆಡಿಯೊ ಸಿಡಿಯ ಹಾಡುಗಳು. ಐಎಸ್‌ಒ ಫೈಲಿನಲ್ಲಿ ಡೇಟಾ ಟ್ರ್ಯಾಕ್ ಮಾತ್ರ ಇರುತ್ತದೆ. ಡಿಡಿರೆಸ್ಕ್ಯೂ ತೆಗೆಯುವುದೂ ಅಷ್ಟನ್ನೇ. ಇಂಥ ಸಿಡಿಗೆ ‘ಸಿಡಿಆರ್‌ಡಿಎಒ’ ಮತ್ತು ಅದರ ಜೊತೆ ಬರುವ ‘ಟಾಕ್2ಕ್ಯೂ’ ಬಳಸಿ ಬಿನ್ ಮತ್ತು ಕ್ಯೂ ಫೈಲ್‌ಗಳ ಜೋಡಿ ಮಾಡಬೇಕು. ಡಾಸ್ ಆಟವಾದರೆ ಡಾಸ್‌ಬಾಕ್ಸ್‌ನ ‘ಇಮ್‌ಜಿಮೌಂಟ್’ ಕಮಾಂಡಿಗೆ ಕ್ಯೂ ಫೈಲ್ ಕೊಡಿ, ಹಾಡು ಬರುತ್ತದೆ. ಕ್ಯೂ ಒಂದು ಸಣ್ಣ ಅಕ್ಷರದ ಫೈಲ್, ಅದರೊಳಗೆ ಬಿನ್‌ನ ಹೆಸರು ಬರೆದಿರುತ್ತದೆ. ವಿಂಡೋಸ್‌ನಲ್ಲಿ ಮಾಡಿದ ಕ್ಯೂ ಆದರೆ ತೆರೆದು ನೋಡಿ. ಲಿನಕ್ಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಹಾಗಾಗಿ ಹೆಸರು ಅಕ್ಷರಕ್ಕಕ್ಷರ ಹೊಂದುವ ಹಾಗೆ ಮಾಡಿ. ಹಾಡಿನ ಬದಲು ಜೋರು ಸರಸರ ಸದ್ದು ಬಂದರೆ ಬೈಟ್‌ಗಳ ಕ್ರಮ ಅದಲುಬದಲಾಗಿದೆ ಅಂತ ಅರ್ಥ. ಸಿಡಿಆರ್‌ಡಿಎಒದ ಡ್ರೈವರ್ ಆಯ್ಕೆಯಲ್ಲಿ ಕ್ರಮ ತಿರುಗಿಸಲು ಹೇಳಿ ಮತ್ತೊಮ್ಮೆ ತೆಗೆಯಿರಿ. ಮಾಸ್ತರರದು ವಿಂಡೋಸ್ ಆಟ. ವೈನ್‌ನಲ್ಲಿ ಆಡಿಯೊ ಟ್ರ್ಯಾಕ್ ಬೇಕಾದರೆ ಮೂಲ ಸಿಡಿ ಡ್ರೈವ್‌ನಲ್ಲಿರಬೇಕು, ಇಲ್ಲವೇ ‘ಸಿಡಿಎಮು’ ಎಂಬ ನಕಲಿ ಡ್ರೈವ್‌ಗೆ ಕ್ಯೂ ಹಾಕಬೇಕು. ಅವರು ಸಿಡಿಎಮು ಹಾಕಿಕೊಂಡರು.

ಸಿಡಿ ಇದ್ದರೂ ‘ಸಿಡಿ ಹಾಕಿ’ ಅಂತ ಆಟ ಕೇಳುತ್ತಿದ್ದರೆ ವೈನ್‌ನ ಸೆಟ್ಟಿಂಗ್ ಕಿಟಕಿ ‘ವೈನ್‌ಸಿಎಫ್‌ಜಿ’ ತೆರೆದು ಡ್ರೈವ್ಸ್ ಪುಟದಲ್ಲಿ ನೋಡಿ. ಸಿಡಿಯ ಫೋಲ್ಡರಿಗೆ ಡಿ ಅಕ್ಷರ ಕೊಟ್ಟು, ಅಡ್ವಾನ್ಸ್ಡ್ ಒತ್ತಿ, ಬಗೆ ಸಿಡಿ-ರಾಮ್ ಅಂತ ಆರಿಸಿ. ಸಿಡಿಯನ್ನು ಸಾದಾ ಫೋಲ್ಡರಿಗೆ ಕಾಪಿ ಮಾಡಿಟ್ಟಿದ್ದರೆ ಡಿಸ್ಕಿನ ಹೆಸರು ಕಳೆದಿರುತ್ತದೆ. ಕೆಲವು ಆಟಗಳು ನೋಡುವುದು ಆ ಹೆಸರನ್ನೇ. ಫೋಲ್ಡರಿನೊಳಗೆ ‘.ವಿಂಡೋಸ್-ಲೇಬಲ್’ ಎಂಬ ಫೈಲ್ ಮಾಡಿ (ಹೆಸರು ಚುಕ್ಕಿಯಿಂದಲೇ ಶುರು), ಅದರಲ್ಲಿ ಮೂಲ ಸಿಡಿಯ ಹೆಸರು ಬರೆದರೆ ವೈನ್ ಅದನ್ನು ಓದುತ್ತದೆ.

ವಿಂಡೋಸ್ ಆಟ ತೆರೆಯುವುದೇ ಇಲ್ಲ

ಐಕಾನ್ ಒತ್ತಿದೆ, ಏನೂ ಆಗಲಿಲ್ಲ ಅಂತ ಹೇಳಿದರೆ ಯಾರಿಗೂ ಸಹಾಯ ಮಾಡಲು ಬರುವುದಿಲ್ಲ. ಆಟದ ಫೋಲ್ಡರಿನಲ್ಲೇ ಟರ್ಮಿನಲ್ ತೆರೆದು ಅಲ್ಲಿಂದ ವೈನ್ ಓಡಿಸಿ. ಎಷ್ಟೋ ಹಳೇ ಆಟಗಳು ತಮ್ಮ ಫೈಲ್‌ಗಳನ್ನು ತಾವು ಶುರುವಾದ ಫೋಲ್ಡರಿನಲ್ಲೇ ಹುಡುಕುತ್ತವೆ, ಹಾಗಾಗಿ ಇಷ್ಟು ಮಾಡಿದರೇ ಕೆಲವು ಸಲ ಓಡುತ್ತದೆ.

ಟರ್ಮಿನಲ್‌ನಲ್ಲಿ ಸಾಲುಗಳ ಮಳೆ ಸುರಿಯುತ್ತದೆ. ‘ಫಿಕ್ಸ್‌ಮಿ’ ಅಂತ ಶುರುವಾಗುವ ಸಾಲುಗಳನ್ನು ಸದ್ಯ ಬಿಡಿ. ಅವು ವೈನ್ ಕಟ್ಟುವವರು ತಮಗಾಗಿ ಬರೆದುಕೊಂಡ ಟಿಪ್ಪಣಿ. ಚೆನ್ನಾಗಿ ಓಡುವ ಆಟದಲ್ಲೂ ಬರುತ್ತವೆ. ‘ಎರ್’ ಅಂತ ಶುರುವಾಗುವ ಸಾಲು ನೋಡಿ, ಅದರಲ್ಲೂ ಮೊದಲನೆಯದನ್ನು. ಇಂಥ ಲೈಬ್ರರಿ ಸಿಗಲಿಲ್ಲ ಅಂತ ಇದ್ದರೆ ಅರ್ಧ ಕೆಲಸ ಮುಗಿಯಿತು. ‘ಎಂಎಫ್‌ಸಿ42’ ಸಿಗಲಿಲ್ಲ ಅಂದರೆ, ವಿಂಡೋಸ್‌ನ ಫೈಲ್‌ಗಳನ್ನು ವೈನ್‌ಗೆ ತುಂಬುವ ‘ವೈನ್‌ಟ್ರಿಕ್ಸ್’ನಲ್ಲಿ ಅದೇ ಹೆಸರಿನದನ್ನು ಹಾಕಿ. ‘ಎಂಎಸ್‌ವಿಬಿವಿಎಂ60’ ಅಂದರೆ ವಿಷುವಲ್ ಬೇಸಿಕ್ 6, ಅದಕ್ಕೆ ‘ವಿಬಿ6ರನ್’. ಸಂದೇಶ ಹೇಳಿದ್ದನ್ನು ಮಾತ್ರ ಹಾಕಿ. ಇರಲಿ ಅಂತ ಎಲ್ಲವನ್ನೂ ತುಂಬಿದರೆ ವೈನ್‌ನ ಒಳ್ಳೆಯ ಫೈಲ್‌ಗಳ ಮೇಲೂ ಹಳೆಯವು ಕೂತು, ಇಲ್ಲದ ದೋಷ ಹುಟ್ಟುತ್ತದೆ.

ಇದೇ ಕಾರಣಕ್ಕೆ ಒಂದೊಂದು ಆಟಕ್ಕೂ ಬೇರೆ ಬೇರೆ ಪ್ರಿಫಿಕ್ಸ್ ಇಡಿ. ಪ್ರಿಫಿಕ್ಸ್ ಅಂದರೆ ಆ ಆಟದ ಪಾಲಿನ ಸಿ ಡ್ರೈವ್, ಒಂದು ಸಾದಾ ಫೋಲ್ಡರ್. ‘ವೈನ್‌ಪ್ರಿಫಿಕ್ಸ್’ ಎಂಬ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದು, ಸಮ ಚಿಹ್ನೆ ಹಾಕಿ, ಫೋಲ್ಡರಿನ ದಾರಿ ಕೊಟ್ಟು, ಅದೇ ಸಾಲಿನಲ್ಲಿ ಮುಂದೆ ವೈನ್ ಕಮಾಂಡ್ ಬರೆದರೆ ಆಯಿತು. ಕೆಟ್ಟರೆ ಆ ಫೋಲ್ಡರ್ ಅಳಿಸಿ ಹೊಸದು ಮಾಡಿ, ಬೇರೆ ಆಟಗಳಿಗೆ ಏನೂ ಆಗುವುದಿಲ್ಲ. ಆ ಫೋಲ್ಡರನ್ನು ಲಿನಕ್ಸ್‌ನ ಹೋಮ್ ಒಳಗೇ ಇಡಿ. ಹಳೇ ವಿಂಡೋಸ್‌ನ ಎನ್‌ಟಿಎಫ್‌ಎಸ್ ಭಾಗದಲ್ಲಿ ಇಟ್ಟರೆ, ‘ಈ ಫೋಲ್ಡರ್ ನಿಮ್ಮದಲ್ಲ’ ಅಂತ ಹೇಳಿ ವೈನ್ ನಿರಾಕರಿಸಬಹುದು. ವೈನನ್ನು ಸುಲಭವಾಗಿ ನಡೆಸಲು ಬಾಟಲ್ಸ್ ಅಥವಾ ಲೂಟ್ರಿಸ್ ಎಂಬ ಪ್ರೋಗ್ರಾಮನ್ನು ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿಕೊಂಡವರಿಗೆ ಇನ್ನೊಂದು ಸಂಗತಿ. ಅವಕ್ಕೆ ಬೇರೆ ಡಿಸ್ಕ್ ಕಾಣದೇ ಇರಬಹುದು. ‘ಫ್ಲ್ಯಾಟ್‌ಸೀಲ್’ನಲ್ಲಿ ಅನುಮತಿ ಕೊಡಿ.

64 ಬಿಟ್ ಲಿನಕ್ಸ್‌ನಲ್ಲಿ 32 ಬಿಟ್ ಗ್ರಾಫಿಕ್ಸ್ ಡ್ರೈವರ್ ಇಲ್ಲದಿರುವುದು ಇನ್ನೊಂದು ದೊಡ್ಡ ಕಾರಣ. ‘ಲಿಬ್‌ಜಿಎಲ್’ ಡ್ರೈವರ್ ತೆರೆಯಲಾಗಲಿಲ್ಲ ಅಂತ ಸಾಲು ಬಂದರೆ ಅದೇ. ಉಬುಂಟು, ಮಿಂಟ್‌ಗಳಲ್ಲಿ ಐ386 (ಅಂದರೆ 32 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್‌ನ ಐ386 ಪ್ಯಾಕೇಜ್ ಹಾಕಬೇಕು. ಆಟದ ಮೊದಲ ವಿಡಿಯೋ ಬರುವ ಹೊತ್ತಿಗೆ ಕಪ್ಪು ಪರದೆ ಬಂದು ನಿಂತರೆ ವಿಡಿಯೋ ಬಿಚ್ಚುವ ಐ386 ಜಿಸ್ಟ್ರೀಮರ್ ಪ್ಲಗಿನ್‌ಗಳನ್ನು ಹಾಕಿ ನೋಡಿ. ಇಂಡಿಯೊ ಬಗೆಯ ವಿಡಿಯೋ ಆಗಿದ್ದರೆ ವೈನ್‌ಟ್ರಿಕ್ಸ್‌ನ ‘ಐಕೋಡೆಕ್ಸ್’. ಅದಕ್ಕೂ ಬಗ್ಗದಿದ್ದರೆ ಆ ವಿಡಿಯೋ ಫೈಲಿನ ಹೆಸರು ಬದಲಿಸಿ. ಕೆಲವು ಆಟಗಳು ವಿಡಿಯೋ ಇಲ್ಲ ಅಂತ ತಿಳಿದು ಸೀದಾ ಮೆನುಗೆ ಹೋಗುತ್ತವೆ, ದೋಷ ಎಲ್ಲಿದೆ ಅಂತಲೂ ಖಚಿತವಾಗುತ್ತದೆ.

ಬಣ್ಣ ಕೆಟ್ಟರೆ, ಪರದೆ ಕುಗ್ಗಿದರೆ

1997ರ ಏಜ್ ಆಫ್ ಎಂಪೈರ್ಸ್ ತರಹದ ಆಟಗಳು 256 ಬಣ್ಣಗಳ ಒಂದು ಪಟ್ಟಿ ಇಟ್ಟುಕೊಂಡು ಓಡುತ್ತವೆ. ಬೇರೆ ಪ್ರೋಗ್ರಾಮ್ ಆ ಪಟ್ಟಿ ತಿದ್ದಿದರೆ ಹುಲ್ಲು ಗುಲಾಬಿ, ನೀರು ಕೆಂಪು. ಇದು ಲಿನಕ್ಸ್‌ನ ದೋಷವಲ್ಲ, ವಿಂಡೋಸ್ ವಿಸ್ಟಾ ಮತ್ತು 7ರಲ್ಲೂ ಇದೇ ಗೋಳು ಇತ್ತು.

ಮೊದಲು ವೈನ್‌ಸಿಎಫ್‌ಜಿಯ ಗ್ರಾಫಿಕ್ಸ್ ಪುಟದಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಆನ್ ಮಾಡಿ, ಅಳತೆ 800×600 ಅಥವಾ 1024×768 ಕೊಡಿ. ಆಟ ನಿಮ್ಮ ನಿಜವಾದ ಪರದೆಯನ್ನು ಮುಟ್ಟುವುದು ನಿಲ್ಲುತ್ತದೆ. ಪರದೆ ಕುಗ್ಗುವ, ಐಕಾನ್‌ಗಳೆಲ್ಲ ಮೂಲೆಗೆ ಹೋಗುವ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಬಣ್ಣ ಇನ್ನೂ ಕೆಟ್ಟಿದ್ದರೆ ‘ಸಿಎನ್‌ಸಿ-ಡಿಡ್ರಾ’ ಎಂಬುದನ್ನು ತಂದು ಅದರ ‘ಡಿಡ್ರಾ.ಡಿಎಲ್‌ಎಲ್’ ಫೈಲನ್ನು ಆಟದ ಫೋಲ್ಡರಿಗೆ ಹಾಕಿ. ಇಷ್ಟು ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ, ಏಕೆಂದರೆ ವೈನ್ ತನ್ನದೇ ಫೈಲನ್ನು ಬಳಸುತ್ತದೆ. ವೈನ್‌ಸಿಎಫ್‌ಜಿಯ ಲೈಬ್ರರೀಸ್ ಪುಟದಲ್ಲಿ ‘ಡಿಡ್ರಾ’ ಸೇರಿಸಿ, ನೇಟಿವ್ ಮೊದಲು, ಬಿಲ್ಟ್‌ಇನ್ ಆಮೇಲೆ ಅಂತ ಹೇಳಬೇಕು. ಎರಡು ಆಯಾಮದ ಹಳೇ ವಿಂಡೋಸ್ ಆಟಗಳಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಪರದೆ ತುಂಬ ದೊಡ್ಡದು ಮಾಡಿ ಆಡಬೇಕು ಅನ್ನುವವರು ‘ಗೇಮ್‌ಸ್ಕೋಪ್’ ಒಳಗೆ ಓಡಿಸಬಹುದು. 640×480 ಆಟವನ್ನು ಅದು ಪರದೆಯಷ್ಟು ಹಿಗ್ಗಿಸುತ್ತದೆ. ಅದಕ್ಕೆ ವಲ್ಕನ್ (ಗ್ರಾಫಿಕ್ಸ್ ಚಿಪ್ಪಿನ ಜೊತೆ ಮಾತಾಡುವ ಹೊಸ ದಾರಿ) ಬೇಕು.

3ಡಿ ಆಟಗಳಲ್ಲಿ ಡೈರೆಕ್ಟ್3ಡಿ 8ರಿಂದ ಮೇಲಿನವಕ್ಕೆ ‘ಡಿಎಕ್ಸ್‌ವಿಕೆ’ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹೊಸ ಯಂತ್ರಕ್ಕೆ ಸರಿ. ಅದು ಕೆಲಸ ಮಾಡುವುದು ವಲ್ಕನ್ ಮೇಲೆ, ಅದರ 2.0ರ ನಂತರದ ಆವೃತ್ತಿಗಳಿಗೆ ವಲ್ಕನ್ 1.3 ಬೇಕು. ನಮ್ಮಲ್ಲಿ ಲಿನಕ್ಸ್ ಕಾಣುತ್ತಿರುವ ಲ್ಯಾಪ್‌ಟಾಪ್‌ಗಳು ಹತ್ತು ಹನ್ನೆರಡು ವರ್ಷ ಹಳೆಯವು, ಹಲವಕ್ಕೆ ಅದು ಇಲ್ಲ. ‘ವಲ್ಕನ್‌ಇನ್ಫೊ’ ಓಡಿಸಿ ನೋಡಿ. ಇಲ್ಲದಿದ್ದರೆ ಡಿಎಕ್ಸ್‌ವಿಕೆ ಬಿಟ್ಟು ವೈನ್‌ನ ಸ್ವಂತ ಓಪನ್‌ಜಿಎಲ್ ದಾರಿಯಲ್ಲೇ ಓಡಿಸಿ. 2000ದ ಆಸುಪಾಸಿನ ಆಟಕ್ಕೆ ಅದು ಧಾರಾಳ ಸಾಕು.

ಕ್ವೇಕ್ 3 ಎಂಜಿನ್ ಬಳಸಿದ ಕೆಲವು ಆಟಗಳು ಶುರುವಾಗುವಾಗಲೇ ಬೀಳುತ್ತವೆ. ಗ್ರಾಫಿಕ್ಸ್ ಡ್ರೈವರ್ ತನಗೆ ಏನೇನು ಬರುತ್ತದೆ ಅಂತ ಒಂದು ಪಟ್ಟಿ ಕೊಡುತ್ತದೆ. ಆಗ ಅದು ಚಿಕ್ಕದಿತ್ತು, ಈಗ ಬಹಳ ಉದ್ದ. ಆಟ ಅದಕ್ಕೆ ಇಟ್ಟ ಜಾಗ ಸಾಲದೆ ಒಡೆಯುತ್ತದೆ. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ‘ಮೆಸಾ ಎಕ್ಸ್‌ಟೆನ್ಶನ್ ಮ್ಯಾಕ್ಸ್ ಇಯರ್’ ಎಂಬ ವೇರಿಯಬಲ್‌ಗೆ 2003 ಅಂತ ಕೊಟ್ಟು ಓಡಿಸಿ. ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲ ದೊಡ್ಡಕ್ಷರ. ಡ್ರೈವರ್ ಆ ವರ್ಷದವರೆಗಿನ ಪಟ್ಟಿಯನ್ನು ಮಾತ್ರ ಕೊಡುತ್ತದೆ.

ಆಟ ಓಡುತ್ತದೆ, ಆದರೆ ಎಲ್ಲವೂ ಅತಿ ವೇಗ ಅಂದರೆ ಫ್ರೇಮ್ ಮಿತಿ ಇಲ್ಲ. ‘ಮ್ಯಾಂಗೋಹಡ್’ ಎಂಬ ಪ್ರೋಗ್ರಾಮಿನಲ್ಲಿ ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿ. ಯಾವ ಯಾವಾಗಲೋ ನಿಂತುಬಿಡುವ ಆಟವನ್ನು ‘ಟಾಸ್ಕ್‌ಸೆಟ್’ ಬಳಸಿ ಒಂದೇ ಕೋರ್‌ಗೆ ಕಟ್ಟಿ ನೋಡಿ. ಸದ್ದು ಚಟಪಟ ಅಂದರೆ ‘ಪಲ್ಸ್ ಲೇಟೆನ್ಸಿ ಎಂಸೆಕ್’ ವೇರಿಯಬಲ್‌ಗೆ 60 ಕೊಡಿ. ಇದೂ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್.

ಕನ್ನಡದಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ

ಡೆಸ್ಕ್‌ಟಾಪನ್ನು ಕನ್ನಡದಲ್ಲೇ ಇಟ್ಟುಕೊಂಡವರನ್ನು ಕಂಡರೆ ನನಗೆ ಖುಷಿ. ಅವರಿಗೆ ಬರುವ ಒಂದು ದೋಷವನ್ನು ಬೇರೆ ಕಡೆ ಯಾರೂ ಹೇಳುವುದಿಲ್ಲ. ಹೋಮ್‌ನಲ್ಲಿರುವ ಡೌನ್‌ಲೋಡ್, ಡೆಸ್ಕ್‌ಟಾಪ್ ಫೋಲ್ಡರ್‌ಗಳ ಹೆಸರೇ ಕನ್ನಡದಲ್ಲಿ ಇರಬಹುದು. ಆಟವನ್ನು ಅಲ್ಲಿ ಬಿಚ್ಚಿಟ್ಟರೆ, 90ರ ದಶಕದ ಪ್ರೋಗ್ರಾಮಿಗೆ ಆ ದಾರಿಯನ್ನು ಓದಲು ಬರುವುದಿಲ್ಲ. ಅದಕ್ಕೆ ಗೊತ್ತಿರುವ ಅಕ್ಷರಗಳ ಪಟ್ಟಿಯಲ್ಲಿ ಕನ್ನಡವೇ ಇಲ್ಲ. ತನ್ನ ಫೋಲ್ಡರಿನಲ್ಲೇ ಇರುವ ಫೈಲ್ ಇಲ್ಲ ಅನ್ನುತ್ತದೆ, ಅಥವಾ ಸೇವ್ ಮಾಡಿದ್ದು ಮಾಯ. ಹೋಮ್‌ನಲ್ಲಿ ನೇರವಾಗಿ ಇಂಗ್ಲಿಷಿನ ಚಿಕ್ಕ ಹೆಸರಿನ ಒಂದು ಫೋಲ್ಡರ್ ಮಾಡಿ ಆಟಗಳನ್ನು ಅಲ್ಲಿಡಿ. ಡಾಸ್ ಆಟವಾದರೆ ಹೆಸರು ಎಂಟು ಅಕ್ಷರ ಮೀರದಿರಲಿ. ಬಾಣದ ಕೀ ಕೆಲಸ ಮಾಡುತ್ತದೆ, ಅಕ್ಷರದ ಕೀ ಮಾತ್ರ ಇಲ್ಲ ಅಂದರೆ ಕನ್ನಡ ಕೀಲಿಮಣೆ ಆನ್ ಇದೆಯಾ ನೋಡಿ. ಇಂಗ್ಲಿಷಿಗೆ ಬದಲಿಸಿಯೇ ಆಟ ಶುರು ಮಾಡಿ.

ಎಲ್ಲಿ ದಾರಿ ಬದಲಿಸಬೇಕು

ಸೇಫ್‌ಡಿಸ್ಕ್, ಸೆಕ್ಯುರಾಮ್ ಎಂಬ ನಕಲು ತಡೆಯುವ ಬೀಗ ಇರುವ ಸಿಡಿ ಆದರೆ ಹೆಚ್ಚು ಹೊತ್ತು ಕಳೆಯಬೇಡಿ. ಸೇಫ್‌ಡಿಸ್ಕ್ ವಿಂಡೋಸ್‌ನ ಆಳದಲ್ಲಿ ಡ್ರೈವರ್ ಕೂರಿಸುತ್ತಿತ್ತು. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಆ ಡ್ರೈವರನ್ನೇ ತೆಗೆದುಹಾಕಿತು. ಇಂಥ ಆಟ ಬೀಗವಿಲ್ಲದೆ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾರಾಟಕ್ಕೆ ಇದ್ದರೆ ಕೊಳ್ಳುವುದೇ ಸರಿ. ಇನ್ನು ಕೆಲವು ಆಟಗಳಿಗೆ ಡಾಸ್‌ಬಾಕ್ಸೂ ಬೇಡ, ವೈನೂ ಬೇಡ. ಡೂಮ್‌ನ ಮೂಲ ಕೋಡ್ 1997ರಲ್ಲೇ ಹೊರಬಂತು, ಹಾಗಾಗಿ ಚಾಕೊಲೇಟ್ ಡೂಮ್ ಲಿನಕ್ಸ್‌ನಲ್ಲಿ ನೇರ ಓಡುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾಗೆ ಎಸ್‌ಡಿಎಲ್‌ಪಾಪ್ ಇದೆ. ಮೌಸ್ ಒತ್ತಿ ಆಡುವ ಎಷ್ಟೋ ಸಾಹಸದ ಆಟಗಳಿಗೆ ಸ್ಕಮ್‌ವಿಎಂ. ಇವುಗಳಲ್ಲಿ ಕೆಲವಕ್ಕೆ ಮೂಲ ಆಟದ ಡೇಟಾ ಫೈಲ್ ಬೇಕು, ಆ ಸಿಡಿಯನ್ನು ಎಸೆಯಬೇಡಿ.

ಆಟ ಪರದೆಯನ್ನು ಹಿಡಿದುಕೊಂಡು ನಿಂತರೆ ಪವರ್ ಬಟನ್ ಒತ್ತುವುದು ಬೇಡ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಲಾಗಿನ್ ಪರದೆ ಬರುತ್ತದೆ. ಒಳಗೆ ಹೋಗಿ, ಆ ಆಟದ ಪ್ರಿಫಿಕ್ಸ್ ಕೊಟ್ಟು ‘ವೈನ್‌ಸರ್ವರ್ -ಕೆ’ ಹೊಡೆಯಿರಿ. ಆ ಪ್ರಿಫಿಕ್ಸ್‌ನಲ್ಲಿ ಓಡುತ್ತಿದ್ದದ್ದೆಲ್ಲ ನಿಲ್ಲುತ್ತದೆ. ಡಾಸ್‌ಬಾಕ್ಸ್ ಆದರೆ ಅಷ್ಟೂ ಬೇಡ, ಕಂಟ್ರೋಲ್ ಜೊತೆ ಎಫ್9 ಸಾಕು. ಮತ್ತೆ ಕಂಟ್ರೋಲ್, ಆಲ್ಟ್ ಜೊತೆ ಎಫ್7 ಒತ್ತಿ ಡೆಸ್ಕ್‌ಟಾಪಿಗೆ ಬನ್ನಿ, ಕೆಲವು ಲಿನಕ್ಸ್‌ಗಳಲ್ಲಿ ಅದು ಎಫ್1 ಅಥವಾ ಎಫ್2. ಪರದೆಯ ಅಳತೆ ಇನ್ನೂ ಚಿಕ್ಕದಾಗಿಯೇ ಇದ್ದರೆ, ಮಿಂಟ್‌ನ ಸಾದಾ ಡೆಸ್ಕ್‌ಟಾಪಿನಲ್ಲಿ ‘ಎಕ್ಸ್‌ರ‍್ಯಾಂಡರ್ -ಎಸ್ 0’ ಹೊಡೆದರೆ ಮೊದಲಿನಂತಾಗುತ್ತದೆ.